ಬಾಣಸವಾಡಿಯ ಬಯಲಿನಲ್ಲಿ ಭೂಮಿಯ ಅಳತೆ: ವಿಲಿಯಂ ಲ್ಯಾಂಬ್ಟನ್ ಮತ್ತು ದೂರ, ಕಾಲ, ಜವದ ಲೆಕ್ಕ



ರಮಝಾನ್ ತಿಂಗಳಲ್ಲಿ ಮನೆಮನೆಗೆ ಬರುವ ಸಹರಿ–ಇಫ್ತಾರ್ ವೇಳಾಪಟ್ಟಿಯನ್ನು ನೀವೆಲ್ಲರೂ ನೋಡಿರುತ್ತೀರಿ. ಚೆನ್ನೈಯಲ್ಲಿ ಮಗ್ರಿಬ್ ಅಝಾನ್ ಆದ ಹತ್ತು ಹನ್ನೊಂದು ನಿಮಿಷಗಳ ನಂತರ ಬೆಂಗಳೂರಿನಲ್ಲಿ ಆಗುತ್ತದೆ. ಬೆಂಗಳೂರಿನಲ್ಲಿ ಆದ ಸುಮಾರು ಹನ್ನೊಂದು ನಿಮಿಷಗಳ ನಂತರ ಮಂಗಳೂರಿನಲ್ಲಿ ಆಗುತ್ತದೆ. ಈ ಮೂರೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದ್ದರಿಂದ ಈ ನಿಮಿಷಗಳ ವ್ಯತ್ಯಾಸಕ್ಕೆ ಕಾರಣ ಒಂದೇ, ಪೂರ್ವ–ಪಶ್ಚಿಮವಾಗಿ ಅವುಗಳ ನಡುವೆ ಇರುವ ದೂರ. ಭೂಮಿ ತನ್ನ ಜವದಲ್ಲಿ ತಿರುಗುತ್ತಾ ಆ ದೂರವನ್ನು ಕಾಲವಾಗಿ ಬದಲಿಸಿ ನಮ್ಮ ವೇಳಾಪಟ್ಟಿಯಲ್ಲಿ ಬರೆಯುತ್ತದೆ.

ದೂರ, ಕಾಲ, ಜವ ಎಂಬ ಈ ಮೂರರ ಲೆಕ್ಕವನ್ನು ನೀವು ಪ್ರೌಢಶಾಲೆಯ ಭೌತವಿಜ್ಞಾನದಲ್ಲಿ ಕಲಿಯುತ್ತೀರಿ. ದಿನಬಳಕೆಯಲ್ಲಿ ನಾವು ವೇಗ ಎನ್ನುವುದನ್ನು ಪಠ್ಯಪುಸ್ತಕ ಜವ ಎನ್ನುತ್ತದೆ. ದೂರವನ್ನು ಕಾಲದಿಂದ ಭಾಗಿಸಿದರೆ ಜವ ಸಿಗುತ್ತದೆ ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಆದರೂ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಅನೇಕರು ಪೆನ್ನು ಕೆಳಗಿಡುತ್ತಾರೆ. ಸೂತ್ರ ಗೊತ್ತಿದ್ದೂ ಲೆಕ್ಕ ಬಾರದಿರುವುದಕ್ಕೆ ಕಾರಣ, ಆ ಅಂಕಿಗಳು ಎಲ್ಲಿಂದ ಬರುತ್ತವೆ ಎಂಬುದನ್ನು ನಾವು ಯೋಚಿಸದಿರುವುದು. ಪುಸ್ತಕದಲ್ಲಿ ದೂರ 12 ಕಿಲೋಮೀಟರ್ ಎಂದು ಅಚ್ಚಾಗಿರುತ್ತದೆ. ಆ 12 ಕಿಲೋಮೀಟರನ್ನು ಯಾರೋ ಒಬ್ಬರು ಬಿಸಿಲಿನಲ್ಲಿ ನಿಂತು ಅಳೆಯಬೇಕಾಗಿತ್ತು.

ಹಾಗೆ ಅಳೆದ ಒಬ್ಬ ಮನುಷ್ಯನ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ವಿಲಿಯಂ ಲ್ಯಾಂಬ್ಟನ್. ಇಡೀ ಭಾರತದ ನಕ್ಷೆಗೆ ಆಧಾರವಾದ ಮಹಾ ತ್ರಿಕೋನಮಿತೀಯ ಸರ್ವೆಯ ಸ್ಥಾಪಕರು ಅವರೇ. ಆ ಕೆಲಸದಲ್ಲಿ ಅವರು ಅಳೆದ ಮೊದಲ ದೊಡ್ಡ ರೇಖೆ ಇದ್ದದ್ದು ಲಂಡನ್ನಿನಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ, ನಮ್ಮ ಸರ್ವಜ್ಞನಗರದ ಬಾಣಸವಾಡಿಯ ಕಡೆಯಲ್ಲಿ.

ಬಡ ಮನೆಯ ಹುಡುಗ

ಲ್ಯಾಂಬ್ಟನ್ ಹುಟ್ಟಿದ್ದು ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಒಂದು ಹಳ್ಳಿಯ ಸಾಧಾರಣ ಕುಟುಂಬದಲ್ಲಿ. ಗಣಿತದಲ್ಲಿ ಚುರುಕಾಗಿದ್ದ ಹುಡುಗನಿಗೆ ಹತ್ತಿರದ ಪಟ್ಟಣದ ಶಾಲೆಯಲ್ಲಿ ಓದುವ ಅವಕಾಶ ಸಿಕ್ಕಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಅವರು ಸೈನ್ಯ ಸೇರಿದರು. ಯುದ್ಧದ ನಂತರ ಇಂದಿನ ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಸೈನಿಕರ ವಸತಿಗಳನ್ನು ನೋಡಿಕೊಳ್ಳುವ ಸಣ್ಣ ಹುದ್ದೆಯಲ್ಲಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದರು. ಜನ ಕಡಿಮೆ, ಚಳಿ ಹೆಚ್ಚು. ಬಡ್ತಿಯ ಆಸೆ ಇಲ್ಲದ ಆ ಜಾಗದಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಗಣಿತ, ಖಗೋಳ ಮತ್ತು ಭೂಮಾಪನದ ಪುಸ್ತಕಗಳನ್ನು ತರಿಸಿ ತಾವೇ ಓದಿಕೊಂಡರು. ಅಲ್ಲಿ ಸೂರ್ಯಗ್ರಹಣವನ್ನು ಸರಿಯಾದ ರಕ್ಷಣೆಯಿಲ್ಲದೆ ನೋಡಿ ಒಂದು ಕಣ್ಣಿಗೆ ಹಾನಿ ಮಾಡಿಕೊಂಡರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ.

ತಮ್ಮ 33ನೆಯ ಕಾಲ್ದಳದ ಜೊತೆ ಅವರು ಭಾರತಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ದಳದ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ ಅವರಿಗಿಂತ ಹತ್ತಕ್ಕೂ ಹೆಚ್ಚು ವರ್ಷ ಚಿಕ್ಕವರು. ಸೈನ್ಯದ ಕಣ್ಣಿನಲ್ಲಿ ಲ್ಯಾಂಬ್ಟನ್ ಅವಕಾಶ ತಪ್ಪಿಸಿಕೊಂಡ ಹಳೆಯ ಅಧಿಕಾರಿ. ಅವರ ನಿಜವಾದ ಕೆಲಸ ಆರಂಭವಾದದ್ದೇ ಆ ವಯಸ್ಸಿನಲ್ಲಿ ಎಂಬುದನ್ನು ನೆನಪಿಡಿ.

1799ರ ಯುದ್ಧ ಮತ್ತು ನಕ್ಷತ್ರಗಳು

ಇಲ್ಲಿ ನಮ್ಮ ಮನಸ್ಸಿಗೆ ನೋವಾಗುವ ಒಂದು ಸಂಗತಿಯನ್ನು ಮುಚ್ಚಿಡಬಾರದು. ಲ್ಯಾಂಬ್ಟನ್ ಮೈಸೂರಿಗೆ ಬಂದದ್ದು ವಿದ್ವಾಂಸರಾಗಿ ಅಲ್ಲ, ಟಿಪ್ಪು ಸುಲ್ತಾನರ ವಿರುದ್ಧ ಹೊರಟ ಸೈನ್ಯದ ಅಧಿಕಾರಿಯಾಗಿ. ಆ ಯುದ್ಧ 1799ರ ಮೇ 4ರಂದು ಶ್ರೀರಂಗಪಟ್ಟಣದ ಪತನದೊಂದಿಗೆ, ಸುಲ್ತಾನರು ಹುತಾತ್ಮರಾಗುವುದರೊಂದಿಗೆ ಮುಗಿಯಿತು.

ಮುತ್ತಿಗೆಗೆ ಮುನ್ನ ಏಪ್ರಿಲ್ ತಿಂಗಳ ಒಂದು ಕತ್ತಲ ರಾತ್ರಿ ಜನರಲ್ ಬೇರ್ಡ್ ಅವರ ತುಕಡಿ ದಾರಿ ತಪ್ಪಿತು. ತಾವು ದಕ್ಷಿಣಕ್ಕೆ, ತಮ್ಮ ಪಾಳೆಯಕ್ಕೆ ಮರಳುತ್ತಿದ್ದೇವೆ ಎಂದೇ ಎಲ್ಲರ ನಂಬಿಕೆ. ಆಕಾಶ ನೋಡಿದ ಲ್ಯಾಂಬ್ಟನ್ ಅವರಿಗೆ ಮಾತ್ರ ತುಕಡಿ ಉತ್ತರಕ್ಕೆ, ನೇರವಾಗಿ ಸುಲ್ತಾನರ ಸೈನ್ಯದ ಕಡೆಗೆ ನಡೆಯುತ್ತಿರುವುದು ಗೊತ್ತಾಯಿತು. ದಿಕ್ಸೂಚಿಯಲ್ಲಿ ಪರೀಕ್ಷಿಸಿದಾಗ ಅವರ ಮಾತೇ ನಿಜವಾಯಿತು. ಶೌರ್ಯದಲ್ಲಿ ಸುಲ್ತಾನರ ಸೈನಿಕರು ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಶೌರ್ಯದ ಜೊತೆಗೆ ಅಳತೆಯ ವಿದ್ಯೆಯೂ ಯಾರ ಕೈಯಲ್ಲಿದೆ ಎಂಬುದು ಚರಿತ್ರೆಯಲ್ಲಿ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದನ್ನು ನೀವೇ ಯೋಚಿಸಿ.

ಯುದ್ಧ ಮುಗಿದ ಮೇಲೆ ಲ್ಯಾಂಬ್ಟನ್ ಒಂದು ಯೋಜನೆ ಬರೆದರು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ, ಮೈಸೂರಿನ ಮೇಲೆ ಹಾದು, ತ್ರಿಕೋನಗಳ ಸಾಲೊಂದನ್ನು ಹಾಕಿ ದೇಶವನ್ನು ನಿಖರವಾಗಿ ಅಳೆಯುವುದು. ಜೊತೆಗೆ ಭೂಮಿಯ ಆಕಾರವನ್ನೂ ತಿಳಿಯುವುದು. ವೆಲ್ಲೆಸ್ಲಿ ಬೆಂಬಲಿಸಿದರು. 1800ರಲ್ಲಿ ಮದ್ರಾಸ್ ಸರ್ಕಾರ ಒಪ್ಪಿತು. ವಿರೋಧವೂ ಇತ್ತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರು ಪಲ್ಲಕ್ಕಿ ಹೊರುವವರಿಗೆ ಊರ ಹೆಸರು ಹೇಳಿದರೆ ಸಾಕಲ್ಲ, ಇಷ್ಟು ಖರ್ಚಿನ ಅಳತೆ ಏಕೆ ಎಂದು ಮದ್ರಾಸಿನ ಹಣಕಾಸು ಸಮಿತಿಯ ಸದಸ್ಯರೊಬ್ಬರು ಆಕ್ಷೇಪಿಸಿದರಂತೆ.

ಬಾಣಸವಾಡಿಯಿಂದ ಅಗರದವರೆಗೆ

ಬೆಂಗಳೂರು ದಂಡು ಆಗಿನ್ನೂ ಹುಟ್ಟಿರಲಿಲ್ಲ. ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದ್ದು 1809ರ ಹೊತ್ತಿಗೆ. ಇಂದು ಕಮ್ಮನಹಳ್ಳಿ, ಇಂದಿರಾನಗರ ಎಂದು ನಾವು ಕರೆಯುವ ಪ್ರದೇಶದಲ್ಲಿ ಆಗ ಕೆರೆಗಳು, ಹೊಲಗಳು, ಚಿಕ್ಕ ಹಳ್ಳಿಗಳು. ಅಂಥ ತೆರೆದ ಬಯಲಿನಲ್ಲಿ 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಲ್ಯಾಂಬ್ಟನ್ ಬಾಣಸವಾಡಿ ಮತ್ತು ಅಗರದ ನಡುವೆ ಒಂದು ನೇರ ರೇಖೆಯನ್ನು ಅಳೆದರು. ಇದಕ್ಕೆ ಆಧಾರ ರೇಖೆ ಎಂದು ಹೆಸರು. ಅದರ ಉದ್ದ 7.4321 ಮೈಲಿ, ಅಂದರೆ ಸುಮಾರು 12 ಕಿಲೋಮೀಟರ್.

ಅಳೆಯಲು ಬಳಸಿದ್ದು 100 ಅಡಿ ಉದ್ದದ ಉಕ್ಕಿನ ಸರಪಳಿ. ಎರಡೂವರೆ ಅಡಿಯ 40 ಕೊಂಡಿಗಳನ್ನು ಜೋಡಿಸಿ ಮಾಡಿದ್ದು. ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಬ್ರಿಟಿಷ್ ರಾಯಭಾರಿ ಕೊಂಡೊಯ್ದಿದ್ದ ಈ ಸರಪಳಿ ಅಲ್ಲಿ ಸ್ವೀಕಾರವಾಗದೆ ಕಲ್ಕತ್ತೆಗೆ ಬಂದು, ಕೊನೆಗೆ ಬೆಂಗಳೂರಿನ ಹೊಲಗಳಿಗೆ ತಲುಪಿತು. ಅದನ್ನು ನೆಲದ ಮೇಲೆ ಹಾಗೆಯೇ ಎಳೆಯುತ್ತಿರಲಿಲ್ಲ. ಮರದ ತೊಟ್ಟಿಗಳನ್ನು ಮಟ್ಟಸವಾಗಿ ಸಾಲಾಗಿ ಇಟ್ಟು, ಅವುಗಳೊಳಗೆ ಸರಪಳಿಯನ್ನು ಹಾಸಿ, ಎಳೆದು ಬಿಗಿಗೊಳಿಸಿ, ತುದಿಯನ್ನು ಗುರುತು ಮಾಡಿ, ಮುಂದಿನ 100 ಅಡಿಗೆ ಹೋಗುತ್ತಿದ್ದರು.

ಈಗ ಒಂದು ಲೆಕ್ಕ ಮಾಡೋಣ. 7.4321 ಮೈಲಿಯನ್ನು 5,280ರಿಂದ ಗುಣಿಸಿದರೆ ಸುಮಾರು 39,241 ಅಡಿ. ಸರಪಳಿ 100 ಅಡಿ. ಅಂದರೆ ಅದನ್ನು 392ಕ್ಕೂ ಹೆಚ್ಚು ಬಾರಿ ಹಾಸಬೇಕು. ಕೆಲಸಕ್ಕೆ ಹಿಡಿದ ಕಾಲ ಸುಮಾರು ಎಂಟು ವಾರ, ಅಂದರೆ 56 ದಿನ ಎಂದಿಟ್ಟುಕೊಳ್ಳಿ. 12,000 ಮೀಟರನ್ನು 56ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 214 ಮೀಟರ್. ಅದೇ ದೂರವನ್ನು ಗಂಟೆಗೆ 5 ಕಿಲೋಮೀಟರ್ ಜವದಲ್ಲಿ ನಡೆಯುವವರು 2 ಗಂಟೆ 24 ನಿಮಿಷದಲ್ಲಿ ಮುಗಿಸುತ್ತಾರೆ. ಇಬ್ಬರೂ ಸಾಗಿದ ದೂರ ಒಂದೇ, ಹಿಡಿದ ಕಾಲ ಬೇರೆ, ಆದ್ದರಿಂದ ಜವವೂ ಬೇರೆ. ಲ್ಯಾಂಬ್ಟನ್ ಅವರಿಗೆ ಬೇಕಾಗಿದ್ದುದು ಜವವಲ್ಲ, ನಿಖರತೆ.

ಅಷ್ಟು ನಿಧಾನ ಏಕೆ ಬೇಕಾಯಿತು ಎಂಬುದನ್ನೂ ಭೌತವಿಜ್ಞಾನವೇ ಹೇಳುತ್ತದೆ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ತನ್ನ ಉದ್ದದ ಒಂದು ಲಕ್ಷದಲ್ಲಿ ಸುಮಾರು 1.2 ಭಾಗ ಬೆಳೆಯುತ್ತದೆ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ 10 ಡಿಗ್ರಿ ವ್ಯತ್ಯಾಸವಿದ್ದರೆ 100 ಅಡಿಯ ಸರಪಳಿ ಮೂರೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದವಾಗುತ್ತದೆ. ಇದೇನು ಮಹಾ ಎನ್ನಬೇಡಿ. 392 ಬಾರಿ ಹಾಸಿದಾಗ ಅದು 1.4 ಮೀಟರಿನಷ್ಟು ತಪ್ಪಾಗುತ್ತದೆ. ಆದ್ದರಿಂದ ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಪ್ರತಿ ಬಾರಿಯೂ ಓದಿ ಬರೆದು, ಲೆಕ್ಕದಲ್ಲಿ ತಿದ್ದುತ್ತಿದ್ದರು.

ಒಂದು ರೇಖೆಯಿಂದ ಇಡೀ ದೇಶ

ಒಂದು ರೇಖೆಯನ್ನು ಅಳೆದರೆ ದೇಶ ಹೇಗೆ ಅಳತೆಯಾಗುತ್ತದೆ? ತ್ರಿಭುಜದ ಒಂದು ಬಾಹುವಿನ ಉದ್ದ ಮತ್ತು ಅದರ ಎರಡು ತುದಿಗಳ ಕೋನಗಳು ಗೊತ್ತಿದ್ದರೆ ಉಳಿದ ಎರಡು ಬಾಹುಗಳನ್ನು ಲೆಕ್ಕದಿಂದಲೇ ತಿಳಿಯಬಹುದು. ಆಧಾರ ರೇಖೆಯ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಅಳೆಯುತ್ತಾರೆ. ಬೆಟ್ಟದ ದೂರ ಸಿಗುತ್ತದೆ. ಆ ಹೊಸ ಬಾಹುವೇ ಮುಂದಿನ ತ್ರಿಭುಜಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಸರಪಳಿಯಿಲ್ಲದೆಯೇ ದೂರ ಅಳೆಯುತ್ತಾ ಹೋಗಬಹುದು. ನೀವು ಹತ್ತನೆಯ ತರಗತಿಯಲ್ಲಿ ಕಲಿಯುವ ತ್ರಿಕೋನಮಿತಿ ಇದಕ್ಕೇ ಬೇಕಾಗುತ್ತದೆ.

ಕೋನ ಅಳೆಯುವ ಯಂತ್ರ ಥಿಯೋಡೊಲೈಟ್. ಲ್ಯಾಂಬ್ಟನ್ ಅವರಿಗಾಗಿ ಇಂಗ್ಲೆಂಡಿನಿಂದ ಹೊರಟ ದೊಡ್ಡ ಥಿಯೋಡೊಲೈಟ್ ಅರ್ಧ ಟನ್ನಿನಷ್ಟು ತೂಕದ್ದು. ಅದಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಅದು ಜ್ಞಾನದ ಕೆಲಸಕ್ಕೆ ಬೇಕಾದ ಯಂತ್ರವೆಂದು ತಿಳಿದ ಮೇಲೆ ಅಲ್ಲಿನ ಫ್ರೆಂಚ್ ಆಡಳಿತಗಾರರು ಶತ್ರುಗಳದ್ದಾದರೂ ಅದನ್ನು ಮದ್ರಾಸಿಗೆ ಕಳುಹಿಸಿಕೊಟ್ಟರು. 1802ರ ಏಪ್ರಿಲ್ 10ರಂದು ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮತ್ತೊಂದು ಆಧಾರ ರೇಖೆಯ ಅಳತೆ ಆರಂಭಿಸಿದರು. ಅಲ್ಲಿಂದ ತ್ರಿಕೋನಗಳ ಸಾಲು ಬೆಂಗಳೂರಿನ ಕಡೆಗೆ ಏರಿ ಬಂತು.

1804ರಲ್ಲಿ ಪರೀಕ್ಷೆಯ ಸಮಯ ಬಂತು. ಲ್ಯಾಂಬ್ಟನ್ ಅವರ ಸಹಾಯಕ ಜಾನ್ ವಾರನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚಿನ ಆಧಾರ ರೇಖೆಯನ್ನು ಮತ್ತೆ ಸರಪಳಿಯಿಂದ ಅಳೆದರು. ಕೋಲಾರದ ಚಿನ್ನದ ಬಗ್ಗೆ 1802ರಲ್ಲಿ ವರದಿ ಬರೆದವರೂ ಇವರೇ. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಬಂದ ಉದ್ದಕ್ಕೂ, ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ಕೇವಲ 3.7 ಅಂಗುಲ! ಒಂದು ಅಂಗೈ ಅಗಲ. ಲೆಕ್ಕವನ್ನು ಎರಡು ಬೇರೆ ದಾರಿಗಳಲ್ಲಿ ಮಾಡಿ ಉತ್ತರಗಳನ್ನು ಹೋಲಿಸಿ ನೋಡುವುದೇ ನಿಜವಾದ ಪರೀಕ್ಷೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಭೂಮಿಯೇ ಗಡಿಯಾರ

ಈ ಸಾಲು ಮಂಗಳೂರಿನ ಕಡಲನ್ನು ಮುಟ್ಟಿದಾಗ ಎಲ್ಲರಿಗೂ ಅಚ್ಚರಿ ಕಾದಿತ್ತು. ಹಳೆಯ ನಕ್ಷೆಗಳಲ್ಲಿ ಮದ್ರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಇತ್ತು. ಲ್ಯಾಂಬ್ಟನ್ ಅವರ ಅಳತೆಯಲ್ಲಿ ಅದು ಸುಮಾರು 360 ಮೈಲಿ. ನಕ್ಷೆಯ ಮೇಲಿದ್ದ 40 ಮೈಲಿ ಅಗಲದ ನೆಲ ನಿಜದಲ್ಲಿ ಇರಲೇ ಇಲ್ಲ.

ಇದನ್ನು ನಾವು ಕಾಲದ ಲೆಕ್ಕದಿಂದಲೂ ನೋಡಬಹುದು. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ನಮ್ಮ ಬೆಂಗಳೂರಿನ ಅಕ್ಷಾಂಶದಲ್ಲಿ ಭೂಮಿಯ ಸುತ್ತಳತೆ ಸುಮಾರು 39,000 ಕಿಲೋಮೀಟರ್. ಅದನ್ನು 24 ಗಂಟೆಯಿಂದ ಭಾಗಿಸಿದರೆ ಗಂಟೆಗೆ 1,625 ಕಿಲೋಮೀಟರ್, ನಿಮಿಷಕ್ಕೆ ಸುಮಾರು 27 ಕಿಲೋಮೀಟರ್. ಈಗ ಇಫ್ತಾರ್ ಪಟ್ಟಿಯನ್ನು ಕೈಗೆತ್ತಿಕೊಳ್ಳಿ. ಬೆಂಗಳೂರು–ಮಂಗಳೂರು ನಡುವೆ 11 ನಿಮಿಷ. 27ನ್ನು 11ರಿಂದ ಗುಣಿಸಿ. 297 ಕಿಲೋಮೀಟರ್ ಬಂತು. ಎರಡು ಊರುಗಳ ನಡುವಿನ ನೇರ ದೂರ ಹೆಚ್ಚುಕಡಿಮೆ ಅಷ್ಟೇ. ಜವ ಮತ್ತು ಕಾಲ ಗೊತ್ತಿದ್ದರೆ ದೂರ ತಾನಾಗಿಯೇ ಸಿಗುತ್ತದೆ ಎಂಬುದಕ್ಕೆ ಮನೆಯ ಗೋಡೆಯ ಮೇಲಿನ ಪಟ್ಟಿಯೇ ಸಾಕ್ಷಿ.

ಹಳೆಯ ನಕ್ಷೆಯ 40 ಮೈಲಿ ತಪ್ಪು ಅಂದರೆ ಸುಮಾರು 64 ಕಿಲೋಮೀಟರ್. ನಿಮಿಷಕ್ಕೆ 27 ಕಿಲೋಮೀಟರಿನಂತೆ ಅದು ಎರಡೂ ಕಾಲು ನಿಮಿಷಕ್ಕಿಂತ ತುಸು ಹೆಚ್ಚು. ಕಾಲದ ಅಳತೆಯಲ್ಲಿ ಇಷ್ಟು ಸಣ್ಣ ತಪ್ಪಾದರೂ ನೆಲದ ಮೇಲೆ ಒಂದು ಜಿಲ್ಲೆಯಷ್ಟು ಅಂತರ ಬೀಳುತ್ತದೆ. ಅಂದಿನ ಗಡಿಯಾರಗಳನ್ನು ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿಸಿ ಇಳಿಸುವಾಗ ಅವು ಹೆಜ್ಜೆ ತಪ್ಪದಿರುವುದು ಕಷ್ಟ. ದೂರವನ್ನೇ ನೇರವಾಗಿ ಅಳೆಯಲು ಲ್ಯಾಂಬ್ಟನ್ ಹಟ ಹಿಡಿದದ್ದರ ಬೆಲೆ ಇದರಿಂದ ತಿಳಿಯುತ್ತದೆ.

ನಮ್ಮ ಪೂರ್ವಜರ ಅಳತೆ

ಈ ವಿದ್ಯೆ ಯುರೋಪಿನಿಂದಲೇ ಆರಂಭವಾಯಿತು ಎಂದು ಭಾವಿಸಬೇಡಿ. ಲ್ಯಾಂಬ್ಟನ್ ಅವರಿಗಿಂತ ಸುಮಾರು ಸಾವಿರ ವರ್ಷ ಮೊದಲು, ಒಂಬತ್ತನೆಯ ಶತಮಾನದಲ್ಲಿ, ಬಗ್ದಾದಿನ ಖಲೀಫ ಅಲ್–ಮಾಮೂನ್ ತನ್ನ ವಿದ್ವಾಂಸರನ್ನು ಸಿಂಜಾರ್ ಬಯಲಿಗೆ ಕಳುಹಿಸಿದ್ದ. ಅವರು ಹಗ್ಗ ಮತ್ತು ಗೂಟಗಳನ್ನು ಹಿಡಿದು ಉತ್ತರ–ದಕ್ಷಿಣವಾಗಿ ನೇರವಾಗಿ ನಡೆದು, ಆಕಾಶದಲ್ಲಿ ಧ್ರುವದ ಎತ್ತರ ಒಂದು ಡಿಗ್ರಿ ಬದಲಾಗುವವರೆಗೆ ನೆಲದ ದೂರ ಅಳೆದರು. ಒಂದು ಡಿಗ್ರಿಗೆ ಸುಮಾರು 56 ಮತ್ತು ಮೂರನೇ ಎರಡು ಅರಬಿ ಮೈಲಿ ಎಂಬ ಉತ್ತರ ಬಂತು. ಹನ್ನೊಂದನೆಯ ಶತಮಾನದಲ್ಲಿ ಅಲ್–ಬಿರೂನಿ ಪಂಜಾಬಿನ ನಂದನಾ ಕೋಟೆಯ ಬೆಟ್ಟ ಹತ್ತಿ, ಬೆಟ್ಟದ ಎತ್ತರ ಮತ್ತು ದಿಗಂತ ಬಾಗಿ ಕಾಣುವ ಕೋನ ಎರಡರಿಂದಲೇ ಭೂಮಿಯ ಗಾತ್ರವನ್ನು ಲೆಕ್ಕ ಹಾಕಿದರು. ಘಝ್ನಿ ಪಟ್ಟಣದಿಂದ ಕಿಬ್ಲಾ ಯಾವ ದಿಕ್ಕಿಗಿದೆ ಎಂದು ನಿಖರವಾಗಿ ತಿಳಿಯುವ ಉದ್ದೇಶದಿಂದಲೇ ಊರುಗಳ ಅಕ್ಷಾಂಶ ರೇಖಾಂಶಗಳ ಬಗ್ಗೆ ಅವರು ಒಂದು ದೊಡ್ಡ ಗ್ರಂಥ ಬರೆದರು.

ನಮಾಝಿನ ಸಮಯಕ್ಕೆ ಕಾಲ ಬೇಕು, ಕಿಬ್ಲಾಕ್ಕೆ ದಿಕ್ಕು ಬೇಕು, ಹಜ್ಜಿನ ದಾರಿಗೆ ದೂರ ಬೇಕು. ಹೀಗೆ ಇಬಾದತ್ತಿನ ಅಗತ್ಯವೇ ಅಂದು ಗಣಿತವನ್ನು ಬೆಳೆಸಿತು. ಗಣಿತ ನಮಗೆ ಒಗ್ಗದ ವಿಷಯ ಎಂದು ಹೇಳಿಕೊಳ್ಳುವ ನಮ್ಮ ಮಕ್ಕಳು ಈ ಚರಿತ್ರೆಯನ್ನು ಓದಬೇಕು.

ತೋಪಿನ ಸದ್ದು

ಲ್ಯಾಂಬ್ಟನ್ ಬದುಕಿದ್ದ ಕಾಲದಲ್ಲೇ ಮದ್ರಾಸಿನ ವೀಕ್ಷಣಾಲಯದ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್ ಒಂದು ಸುಂದರ ಪ್ರಯೋಗ ಮಾಡಿದರು. ಸೇಂಟ್ ಜಾರ್ಜ್ ಕೋಟೆಯಿಂದಲೂ ಸೇಂಟ್ ಥಾಮಸ್ ಬೆಟ್ಟದಿಂದಲೂ ಪ್ರತಿದಿನ ತೋಪು ಹಾರಿಸುವ ಪದ್ಧತಿ ಇತ್ತು. 1820–21ರಲ್ಲಿ ಅವರು ತೋಪಿನ ಬೆಳಕು ಕಂಡ ಕ್ಷಣದಿಂದ ಸದ್ದು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿದರು. ಗಾಳಿ, ಉಷ್ಣತೆಗಳನ್ನೂ ಬರೆದಿಟ್ಟರು. ದೂರ ಮೊದಲೇ ನಿಖರವಾಗಿ ಗೊತ್ತಿದ್ದುದರಿಂದ, ಭಾಗಿಸಿದಾಗ ಶಬ್ದದ ಜವ ಸಿಕ್ಕಿತು. ಬೆಟ್ಟದಿಂದ ವೀಕ್ಷಣಾಲಯಕ್ಕೆ ಸುಮಾರು 9 ಕಿಲೋಮೀಟರ್. ಶಬ್ದ ಸೆಕೆಂಡಿಗೆ 345 ಮೀಟರ್ ಸಾಗುತ್ತದೆ ಎಂದುಕೊಂಡರೆ ಎಷ್ಟು ಕಾಲ ಬೇಕು? 9,000ವನ್ನು 345ರಿಂದ ಭಾಗಿಸಿ. ಸುಮಾರು 26 ಸೆಕೆಂಡು. ಮಳೆಗಾಲದಲ್ಲಿ ಮಿಂಚು ಕಂಡ ಮೇಲೆ ಗುಡುಗಿನವರೆಗೆ ನೀವೂ ಎಣಿಸಿ ನೋಡಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್.

ಬಿದ್ದ ಯಂತ್ರ, ಬೀಳದ ಮನಸ್ಸು

1808ರಲ್ಲಿ ತಂಜಾವೂರಿನಲ್ಲಿ ದೊಡ್ಡ ಆಪತ್ತು ಸಂಭವಿಸಿತು. ಅಲ್ಲಿ ಬೆಟ್ಟಗಳಿಲ್ಲದ ಕಾರಣ ದೊಡ್ಡ ದೇವಾಲಯದ ಗೋಪುರದ ಮೇಲಕ್ಕೆ ಥಿಯೋಡೊಲೈಟನ್ನು ಹಗ್ಗದಿಂದ ಎಳೆಯುತ್ತಿದ್ದಾಗ ಹಗ್ಗ ಕೈಕೊಟ್ಟು ಯಂತ್ರ ಗೋಡೆಗೆ ಬಡಿಯಿತು. ಅದರ ವೃತ್ತವೇ ಸೊಟ್ಟಗಾಯಿತು. ಇಂಗ್ಲೆಂಡಿನಿಂದ ಇನ್ನೊಂದು ಬರಲು ವರ್ಷಗಳೇ ಬೇಕು. ಲ್ಯಾಂಬ್ಟನ್ ತಮ್ಮ ಗುಡಾರದಲ್ಲಿ ಸುಮಾರು ಆರು ವಾರ ಕುಳಿತು ಯಂತ್ರವನ್ನು ಬಿಚ್ಚಿ, ವೃತ್ತವನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ತಿದ್ದಿ ಮತ್ತೆ ಕೆಲಸಕ್ಕೆ ಬರುವಂತೆ ಮಾಡಿದರು.

ಬೆಂಗಳೂರಿಗೆ ಸಮೀಪದಲ್ಲಿ ಹಾದುಹೋಗುವ ಉತ್ತರ–ದಕ್ಷಿಣ ತ್ರಿಕೋನ ಸಾಲನ್ನು ಅವರು ಕನ್ಯಾಕುಮಾರಿಯವರೆಗೆ ಒಯ್ದರು. ನಂತರ ಉತ್ತರಕ್ಕೆ ತಿರುಗಿ 1811ರಲ್ಲಿ ಗುತ್ತಿಯ ಬಳಿ, 1815ರಲ್ಲಿ ಬೀದರಿನ ಕಡೆ ಆಧಾರ ರೇಖೆಗಳನ್ನು ಅಳೆದರು. 1818ರಲ್ಲಿ ಈ ಕೆಲಸಕ್ಕೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೆ ಎಂಬ ಹೆಸರು ಬಂತು. ಅದೇ ವರ್ಷ ಜಾರ್ಜ್ ಎವರೆಸ್ಟ್ ಅವರ ಸಹಾಯಕರಾದರು. ಆ ಹೊತ್ತಿಗೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಮತ್ತು ಲಂಡನ್ನಿನ ರಾಯಲ್ ಸೊಸೈಟಿ ಎರಡೂ ಈ ಬಡ ಮನೆಯ ಹುಡುಗನನ್ನು ಗೌರವಿಸಿದ್ದವು. ಅವರ ಕಾಲದಲ್ಲಿ ಅಳತೆಯಾದ ಪ್ರದೇಶ 1,65,000 ಚದರ ಮೈಲಿಗೂ ಹೆಚ್ಚು. 1823ರ ಜನವರಿ 20ರಂದು, ಹೈದರಾಬಾದಿನಿಂದ ನಾಗಪುರಕ್ಕೆ ಹೋಗುವ ದಾರಿಯಲ್ಲಿ, ಇಂದಿನ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ಅವರು ತೀರಿಕೊಂಡರು. ಸಮಾಧಿ ಅಲ್ಲಿಯೇ ಇದೆ.

ಯಾರ ಬೆವರು, ಯಾರ ಲಾಭ

ಈ ನಕ್ಷೆಗಳಿಂದ ಕಂದಾಯ ವಸೂಲಿಗೂ ಸೈನ್ಯದ ಸಂಚಾರಕ್ಕೂ ದಾರಿ ಸುಲಭವಾಯಿತು. ದೇಶ ಯಾರ ಲೆಕ್ಕದಲ್ಲಿದೆಯೋ ಅವರ ಹಿಡಿತದಲ್ಲಿತ್ತು. ಇನ್ನೊಂದು ಮಾತು. ಸರಪಳಿ ಹಿಡಿದವರು, ಅರ್ಧ ಟನ್ನಿನ ಯಂತ್ರವನ್ನು ಬೆಟ್ಟಗಳ ಮೇಲಕ್ಕೆ ಹೊತ್ತವರು, ಕಾಡಿನಲ್ಲಿ ಬಾವುಟ ನೆಟ್ಟವರು, ಜ್ವರದಿಂದ ಸತ್ತವರು ಹೆಚ್ಚಾಗಿ ನಮ್ಮ ನೆಲದವರೇ. ಬಹುಪಾಲು ಜನರ ಹೆಸರುಗಳು ಪುಸ್ತಕಗಳಲ್ಲಿ ಇಲ್ಲ.

ಆದರೆ ವಿದ್ಯೆ ಕಲಿತವರ ಹೆಸರು ಉಳಿಯಿತು. ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಮದ್ರಾಸಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರ ಕೈಚಳಕ ಕಂಡು ಸರ್ವೆಗೆ ಸೇರಿಸಿಕೊಂಡರು. ಎವರೆಸ್ಟ್ ಅವರ ಕಾಲದಲ್ಲಿ ಸೂಕ್ಷ್ಮ ಯಂತ್ರಗಳನ್ನು ಬಿಚ್ಚಿ ಜೋಡಿಸಿ, ಕೊನೆಗೆ ಇಂಗ್ಲೆಂಡಿನ ತಜ್ಞರು ಇದ್ದ ಉಪಕರಣ ತಯಾರಕರ ಹುದ್ದೆಯನ್ನೇ ಪಡೆದರು. ಬಂಗಾಳದ ರಾಧಾನಾಥ್ ಸಿಕ್ದರ್ ಮುಂದೆ ಇದೇ ಸರ್ವೆಯಲ್ಲಿ ಲೆಕ್ಕಿಗರ ಮುಖ್ಯಸ್ಥರಾಗಿ, ಜಗತ್ತಿನ ಅತಿ ಎತ್ತರದ ಶಿಖರದ ಎತ್ತರವನ್ನು ಗಣಿಸಿದರು. ಅಳೆಯಲ್ಪಡುವವರಾಗಿ ಉಳಿಯುವುದೋ, ಅಳೆಯಬಲ್ಲವರಾಗುವುದೋ ಎಂಬ ಪ್ರಶ್ನೆ ಪ್ರತಿ ಸಮುದಾಯದ ಮುಂದೆಯೂ ಇರುತ್ತದೆ. ಉತ್ತರ ತರಗತಿಯ ಕೋಣೆಯಲ್ಲಿ ಸಿಗುತ್ತದೆ.

ನಿಮ್ಮ ಅಭ್ಯಾಸಕ್ಕೆ

ಲ್ಯಾಂಬ್ಟನ್ ಅವರ ಬದುಕಿನಿಂದ ನಾಲ್ಕು ಪದ್ಧತಿಗಳನ್ನು ಕಲಿಯಿರಿ.

ಒಂದು, ಏಕಮಾನ ಮೊದಲು ನೋಡಿ. ಕಿಲೋಮೀಟರ್–ಗಂಟೆಯನ್ನು ಮೀಟರ್–ಸೆಕೆಂಡಿಗೆ ತರಲು 5ರಿಂದ ಗುಣಿಸಿ 18ರಿಂದ ಭಾಗಿಸಿ. 150 ಮೀಟರ್ ಉದ್ದದ ರೈಲು ಗಂಟೆಗೆ 72 ಕಿಲೋಮೀಟರ್ ಜವದಲ್ಲಿ 250 ಮೀಟರಿನ ಪ್ಲಾಟ್‌ಫಾರ್ಮ್ ದಾಟುತ್ತದೆ ಎನ್ನಿ. 72 ಎಂದರೆ ಸೆಕೆಂಡಿಗೆ 20 ಮೀಟರ್. ರೈಲಿನ ಕೊನೆಯ ಡಬ್ಬಿಯೂ ದಾಟಬೇಕಾದ್ದರಿಂದ ಒಟ್ಟು ದೂರ 400 ಮೀಟರ್. ಕಾಲ 20 ಸೆಕೆಂಡು.

ಎರಡು, ಚಿತ್ರ ಬರೆಯಿರಿ. 12 ಕಿಲೋಮೀಟರಿನ ಆಧಾರ ರೇಖೆಯ ಎರಡು ತುದಿಗಳಿಂದ ಇಬ್ಬರು ಎದುರುಬದುರಾಗಿ ಹೊರಡುತ್ತಾರೆ. ಒಬ್ಬರ ಜವ ಗಂಟೆಗೆ 5, ಇನ್ನೊಬ್ಬರದು 7 ಕಿಲೋಮೀಟರ್. ಒಂದು ಗಂಟೆಯಲ್ಲಿ ಇಬ್ಬರೂ ಸೇರಿ ಸಾಗುವುದು 12. ಆದ್ದರಿಂದ ಒಂದು ಗಂಟೆಗೆ, ಮೊದಲಿನವರ ತುದಿಯಿಂದ 5 ಕಿಲೋಮೀಟರಿನಲ್ಲಿ ಭೇಟಿ.

ಮೂರು, ಸರಾಸರಿಯಲ್ಲಿ ಆತುರ ಬೇಡ. ಅದೇ ರೇಖೆಯ ಮೇಲೆ ಗಂಟೆಗೆ 6 ಕಿಲೋಮೀಟರಿನಂತೆ ಹೋಗಿ 4 ಕಿಲೋಮೀಟರಿನಂತೆ ಮರಳಿದರೆ ಸರಾಸರಿ ಜವ 5 ಅಲ್ಲ. ಹೋಗಲು 2 ಗಂಟೆ, ಬರಲು 3 ಗಂಟೆ. ಒಟ್ಟು 24 ಕಿಲೋಮೀಟರ್, 5 ಗಂಟೆ. ಸರಾಸರಿ 4.8. ನಿಧಾನವಾಗಿ ನಡೆದಾಗ ಹೆಚ್ಚು ಕಾಲ ಕಳೆಯುತ್ತೇವೆ. ಆದ್ದರಿಂದ ಸರಾಸರಿ ಆ ಕಡೆಗೇ ವಾಲುತ್ತದೆ.

ನಾಲ್ಕು, ಉತ್ತರವನ್ನು ಹಿಂದಿನಿಂದ ತಾಳೆ ನೋಡಿ. ಸಿಕ್ಕ ಕಾಲವನ್ನು ಜವದಿಂದ ಗುಣಿಸಿ. ಕೊಟ್ಟ ದೂರ ಬರಬೇಕು. 1804ರಲ್ಲಿ ಬೆಂಗಳೂರಿನ ರೇಖೆಯನ್ನು ಮತ್ತೆ ಅಳೆದದ್ದು ಇದಕ್ಕಾಗಿಯೇ.

ಸಂಸ್ಥೆಯ ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಶಾಲೆಗಳ ಮಕ್ಕಳಿಗೆ ಒಂದು ಅಳತೆ ಪಟ್ಟಿ, ಒಂದು ಗಡಿಯಾರ ಕೊಟ್ಟು ಮೈದಾನಕ್ಕೆ ಕಳುಹಿಸಿ. 100 ಮೀಟರನ್ನು ಅವರೇ ಅಳೆಯಲಿ, ಅವರೇ ಓಡಲಿ, ಅವರೇ ಭಾಗಿಸಲಿ. ತಾನೇ ಅಳೆದ ದೂರದ ಲೆಕ್ಕವನ್ನು ಯಾವ ಮಗುವೂ ಮರೆಯುವುದಿಲ್ಲ. ಹೆಣ್ಣುಮಕ್ಕಳೂ ಗಂಡುಮಕ್ಕಳೂ ಸಮನಾಗಿ ಈ ಪಾಠ ಕಲಿಯಲಿ. ಉಪಕಾರಿಯಾದ ಜ್ಞಾನವನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.